ತಳದ ದನಿ

ಗಣಿ ವಠಾರ, ಬೆಲ್ಜಿಯಂ
5 ಅಕ್ಟೋಬರ್ 1958

ಪ್ರೀತಿಯ ಬಾಕಿಸ್,

ಈ ಕಾಗದ ಬಿಡಿಸುವ ಮುಂಚೆ ಕೈ ಒರೆಸಿಕೊ. ಹೋದ ಸಲ ನೀನು ಬರೆದದ್ದರ ಮೈತುಂಬ ಮೇಣದ ಬೆರಳಚ್ಚು. ನನ್ನ ಪಕ್ಕದ ಮಂಚದ ಪೋಲೆಂಡಿನವನು ಅದನ್ನು ಮೂಸಿ ನೋಡಿ, "ನಿನ್ನ ಗೆಳೆಯ ಕಾಗದ ಬರೀತಾನೋ, ಕುದುರೆ ಜೀನು ಹೊಲೀತಾನೋ?" ಎಂದು ಕೇಳಿದ. ಎರಡನ್ನೂ ಒಂದೇ ಸೂಜಿಯಲ್ಲಿ ಮಾಡುತ್ತಾನೆ ಎಂದೆ. ಅವನು ಆಚೆ ಹೋದ ಮೇಲೆ ನಾನೂ ಮೂಸಿದೆ. ನಿನ್ನ ಜೋಡಿನ ಅಂಗಡಿಯ ವಾಸನೆ ಇನ್ನೂ ಇತ್ತು.

ಇಲ್ಲಿ ಕೆಲಸ ನೆಲದ ಕೆಳಗೆ, ಊಟ ನೆಲದ ಮೇಲೆ. ನೆಲದ ಮೇಲೂ ನೋಡುವಂಥದ್ದೇನಿಲ್ಲ. ದೇಶವೆಲ್ಲ ಲಟ್ಟಿಸಿ ಹಾಸಿದ ಹಾಗೆ ಚಪ್ಪಟೆ. ಕಣ್ಣು ಹೋಗಿ ಒರಗಿಕೊಳ್ಳಲು ಒಂದು ಬೆಟ್ಟ ಇಲ್ಲ. ಇರುವ ಒಂದೇ ಗುಡ್ಡ ನಾವೇ ಒಳಗಿಂದ ತೋಡಿ ಸುರಿದ ಕಪ್ಪು ಮಣ್ಣಿನದು. ಸ್ವಲ್ಪ ಕೆಮ್ಮು ಹತ್ತಿದೆ. ಇಲ್ಲಿನ ಹವೆಗೆ ಎಲ್ಲರಿಗೂ ಬರುತ್ತದಂತೆ.

ಭಾನುವಾರ ಮಾತ್ರ ಕಷ್ಟ. ಊರಿನಲ್ಲಾದರೆ ಪೂಜೆ ಮುಗಿದು ನಾವು ನಾಲ್ವರೂ ಹೆಂಡದಂಗಡಿಯ ಮೂಲೆಗೆ ಸೇರುತ್ತಿದ್ದೆವು. ನೀನು ಕಣ್ಣು ಮುಚ್ಚಿ ಪದ ಎತ್ತುತ್ತಿದ್ದೆ. ಬೋಬೊರೆಯ ದನಿ ಕುರಿಯ ಹಾಗೆ ನಡುಗುತ್ತ ನಿನ್ನ ಹಿಂದೆ ಬರುತ್ತಿತ್ತು, ಪಾಸ್ಕಾಲೆ ಅಜ್ಜನದು ಗಾಳಿಯ ಹಾಗೆ ಮೇಲೆ ಸುಳಿಯುತ್ತಿತ್ತು, ನಾನು ಕೆಳಗೆ ನೆಲ ಹಾಸುತ್ತಿದ್ದೆ. ಇಲ್ಲಿ ಅಕಾರ್ಡಿಯನ್ ಇದೆ. ಅದನ್ನು ಬಾರಿಸುವವನಿಗೆ ಕಿವಿ ಇಲ್ಲ.

ನಾನು ಬಸ್ಸು ಹತ್ತಿದ ದಿನ ನೀನು ಆಡಿದ ಮಾತು ನೆನಪಿದೆಯೇ? "ನಿನ್ನ ಜಾಗದಲ್ಲಿ ಬೇರೆಯವನನ್ನ ನಿಲ್ಸಿದ್ರೆ ನನ್ನ ಗಂಟ್ಲು ಬಿದ್ದು ಹೋಗ್ಲಿ ಕಣೋ" ಎಂದಿದ್ದೆ. ಎಲ್ಲರ ಮುಂದೆ ಎಂದಿದ್ದೆ. ಕುರಿಗಳು ರೋಗ ಬಂದು ಸತ್ತಾಗಲೂ ನಾನು ಅಳಲಿಲ್ಲ. ಆ ಮಾತಿಗೆ ಕಿಟಕಿಯ ಕಡೆ ಮುಖ ತಿರುಗಿಸಬೇಕಾಯಿತು.

ನನ್ನ ತಂಗಿ ಅನ್ನಿಕಾ ಹೇಗಿದ್ದಾಳೆ? ಅವಳು ಎಲ್ಲ ಕಾಗದದಲ್ಲೂ "ಚೆನ್ನಾಗಿದ್ದೇನೆ" ಎಂದಷ್ಟೇ ಬರೆಯುತ್ತಾಳೆ. ಅವಳ ಬಾಗಿಲು ನಿನ್ನ ಅಂಗಡಿಗೆ ಎದುರೇ ಇದೆಯಲ್ಲ. ಒಂದು ಕಣ್ಣು ಇಟ್ಟಿರು.

ನಿನ್ನ
ಗೊನಾರಿಯೊ


ಒರೂಸ್ಕೆ
14 ಡಿಸೆಂಬರ್ 1958

ಪ್ರಿಯ ಗೊನಾರಿಯೊ,

ಕೈ ಒರೆಸಿಕೊಂಡೇ ಬರೆಯುತ್ತಿದ್ದೇನೆ.

ಊರಲ್ಲಿ ನಾಯಿ ಬೊಗಳಿದರೂ ಸುದ್ದಿ ಎನ್ನುವ ಕಾಲ ಇದು. ಈ ಸಲ ನಿಜವಾದ ಸುದ್ದಿಯೇ ಇದೆ. ಕಳೆದ ತಿಂಗಳ ಗಾಳಿಮಳೆಯಲ್ಲಿ ಚರ್ಚಿನ ಗಂಟೆಗೋಪುರಕ್ಕೆ ಸಿಡಿಲು ಬಡಿಯಿತು. ಒಂದು ಮಗ್ಗುಲು ಪೂರ್ತಿ ಕುಸಿದಿದೆ. ರಿಪೇರಿಗೆಂದು ನಮ್ಮ ದ್ವೀಪಕ್ಕೆ ಸಮುದ್ರದ ಆಚೆಯಿಂದ, ಉತ್ತರದ ಹಿಮದ ಬೆಟ್ಟಗಳ ಕಡೆಯಿಂದ, ಒಬ್ಬ ಕಲ್ಲುಕುಟಿಗ ಬಂದಿದ್ದಾನೆ. ಹೆಸರು ಎತ್ತೊರೆ. ಬಾಗಿಲಲ್ಲಿ ತಲೆ ಬಗ್ಗಿಸಿ ಬರುವಷ್ಟು ಉದ್ದ. ನಮ್ಮ ಭಾಷೆ ಒಂದಕ್ಷರ ಬರುವುದಿಲ್ಲ. ಮೊದಲ ದಿನ ಹೆಂಡದಂಗಡಿಯಲ್ಲಿ ರೊಟ್ಟಿ ಕೇಳಲು ಹೋಗಿ ಕತ್ತೆ ಕೇಳಿದ. ಪಾಸ್ಕಾಲೆ ಅಜ್ಜ, "ಕತ್ತೆ ಇಲ್ಲೇ ಕೂತಿದೆ, ತಗೊಂಡ್ಹೋಗು" ಎಂದು ಬೋಬೊರೆಯನ್ನು ತೋರಿಸಿದ. ಆ ಮನುಷ್ಯನಿಗೆ ಅರ್ಥವಾಗದಿದ್ದರೂ ಎಲ್ಲರಿಗಿಂತ ಹೆಚ್ಚು ನಕ್ಕ.

ಅವನಿಗೆ ಉಳಿದುಕೊಳ್ಳಲು ಜಾಗ ಬೇಕಿತ್ತು. ಪಾದ್ರಿಗಳು ಅನ್ನಿಕಾಳನ್ನು ಕೇಳಿದರು. ಅವಳು ನಿನ್ನ ಕೋಣೆ ಕೊಟ್ಟಿದ್ದಾಳೆ. ನಿನಗೆ ಬರೆದಿದ್ದಾಳೆ ಎಂದುಕೊಂಡಿದ್ದೇನೆ. ಬರೆದಿಲ್ಲವಾದರೆ ನಾನು ಹೇಳಿದೆ ಎಂದು ಹೇಳಬೇಡ. ಚಿಕ್ಕಮ್ಮ ಒಬ್ಬರು ಬಂದು ಅವಳ ಜೊತೆ ಮಲಗುತ್ತಾರೆ, ಮಾತನಾಡಿಕೊಳ್ಳಲು ಯಾರಿಗೂ ಏನೂ ಇಲ್ಲ.

ನಾವು ಮೂವರೂ ಭಾನುವಾರ ಕೂರುತ್ತೇವೆ. ಹಾಡುವುದಿಲ್ಲ. ತಳದ ದನಿಯಿಲ್ಲದೆ ಹಾಡುವುದೆಂದರೆ ಅಡಿ ಕಿತ್ತ ಜೋಡಿನಲ್ಲಿ ನಡೆದ ಹಾಗೆ. ನಿನ್ನ ಜಾಗ ನಿನ್ನದೇ.

ಅನ್ನಿಕಾ ಚೆನ್ನಾಗಿದ್ದಾಳೆ. ಬೆಳಿಗ್ಗೆ ಮಗ್ಗದ ಸದ್ದು ಕೇಳಿಸುತ್ತದೆ. ಮೊದಲಿಗಿಂತ ಸ್ವಲ್ಪ ತಡವಾಗಿ ಶುರುವಾಗುತ್ತದೆ. ಬೆಳಗಿನ ಹೊತ್ತು ಆ ಎತ್ತೊರೆಗೆ ಹಾಲು, ರೊಟ್ಟಿ ಕೊಡಬೇಕಲ್ಲ.

ನಿನ್ನ
ಬಾಕಿಸ್


ಗಣಿ ವಠಾರ
6 ಜನವರಿ 1959

ಬಾಕಿಸ್,

ಅವಳು ಬರೆದಿರಲಿಲ್ಲ.

ನನ್ನ ಕೋಣೆ ಎಂದರೆ ನನ್ನ ಮಂಚವೂ ಸೇರಿತೇ? ಕಿಟಕಿಯ ಪಕ್ಕದ ಗೂಟದಲ್ಲಿ ಅಪ್ಪನ ಚೂರಿ ತೂಗುಹಾಕಿದೆ, ಅದನ್ನು ಯಾರೂ ಮುಟ್ಟಬಾರದು. ಮಂಚದ ಎಡಗಾಲು ಮೋಟು. ಅದರ ಅಡಿಗೆ ನಾನು ಒಂದು ಚಪ್ಪಟೆ ಕಲ್ಲು ಕೊಟ್ಟಿದ್ದೇನೆ. ಅದೂ ಅಲ್ಲೇ ಇರಬೇಕು. ಬಾಡಿಗೆಯವನಿಗೆ ಇದನ್ನೆಲ್ಲ ಯಾರು ಹೇಳುತ್ತಾರೆ, ಅವನಿಗೆ ಕತ್ತೆಗೂ ರೊಟ್ಟಿಗೂ ವ್ಯತ್ಯಾಸ ಗೊತ್ತಿಲ್ಲವೆಂದ ಮೇಲೆ?

ಎಷ್ಟು ದಿನದ ಕೆಲಸ ಅದು? ನಮ್ಮೂರಿನ ಕಲ್ಲುಕುಟಿಗರಿಗೆ ಏನಾಗಿತ್ತು? ಗೋಪುರ ಕಟ್ಟಿದವರು ನಮ್ಮವರೇ ಅಲ್ಲವೇ?

ನೀನು ಬರೆಯುವುದನ್ನು ಬಿಡಿಸಿ ಬರೆ. "ಸ್ವಲ್ಪ ತಡವಾಗಿ" ಎಂದು ಬರೆದು ನಿಲ್ಲಿಸಿದರೆ ನೆಲದ ಕೆಳಗೆ ದಿನವಿಡೀ ನನಗೆ ಅದೇ ಯೋಚನೆ. ಅವನ ವಯಸ್ಸೆಷ್ಟು? ಮದುವೆಯಾಗಿದೆಯೇ? ಅವನು ಅನ್ನಿಕಾಳನ್ನು ಏನೆಂದು ಕರೆಯುತ್ತಾನೆ?

ಗೊನಾರಿಯೊ


ಒರೂಸ್ಕೆ
25 ಜನವರಿ 1959

ಪ್ರಿಯ ಗೊನಾರಿಯೊ,

ಬಿಡಿಸಿ ಬರೆ ಎಂದೆ. ಬರೆಯುತ್ತಿದ್ದೇನೆ, ಆಮೇಲೆ ನನ್ನ ಮೇಲೆ ಸಿಟ್ಟಾಗಬೇಡ.

ವಯಸ್ಸು ನಲವತ್ತರ ಹತ್ತಿರ. ಹೆಂಡತಿ ಯುದ್ಧದ ಕಾಲದಲ್ಲಿ ತೀರಿಕೊಂಡಳಂತೆ, ಮಕ್ಕಳಿಲ್ಲ. ನಿನ್ನ ತಂಗಿಯನ್ನು ಮೊದಲು "ಅಮ್ಮಾವ್ರೇ" ಎನ್ನುತ್ತಿದ್ದ. ಈಗ ಹೆಸರು ಹಿಡಿದೇ ಕರೆಯುತ್ತಾನೆ. ಹೆಸರಿನ ಮೊದಲಕ್ಷರ ಎಳೆಯುತ್ತಾನೆ, ನಮ್ಮ ಹಾಗೆ ತುಂಡರಿಸುವುದಿಲ್ಲ. ಮಂಚದ ಅಡಿಯ ಕಲ್ಲು ತೆಗೆದು, ಕಾಲಿಗೆ ಹೊಸ ಮರ ಜೋಡಿಸಿದ್ದಾನೆ. ಅದು ಈಗ ಅಲ್ಲಾಡುವುದಿಲ್ಲ ಎಂದು ಅನ್ನಿಕಾ ಊರಿಗೆಲ್ಲ ಹೇಳುತ್ತಾಳೆ.

ಇನ್ನೊಂದು ವಿಷಯ. ಬೇರೆಯವರಿಂದ ತಿಳಿಯುವುದಕ್ಕಿಂತ ನನ್ನಿಂದಲೇ ತಿಳಿಯಲಿ. ಸಂತ ಅಂತೋನಿಯ ಹಬ್ಬಕ್ಕೆ ಯಥಾಪ್ರಕಾರ ಚರ್ಚಿನ ಮುಂದೆ ಬೆಂಕಿ ಹಾಕಿದೆವು. ಕತ್ತಲಾಗುತ್ತಿತ್ತು. ಜನ ಹಾಡು ಹಾಡು ಎಂದು ಒತ್ತಾಯ ಮಾಡಿದರು. ನಾನು ಆಗುವುದಿಲ್ಲ ಎಂದೆ. ಪಾಸ್ಕಾಲೆ ಅಜ್ಜ ಸಾಕಷ್ಟು ಕುಡಿದಿದ್ದ. ಎತ್ತೊರೆಯ ಅಂಗಿ ಹಿಡಿದು ಎಳೆದು, "ಲೇ ಉದ್ದನೆಯವ್ನೇ, ಗೋಪುರದ ಮೇಲೆ ನಿಂತ್ಕೊಂಡು ಎಮ್ಮೆ ಥರ ಗುಂಯ್ ಅಂತಿರ್ತೀಯಲ್ಲ, ಅದನ್ನ ಇಲ್ಲಿ ಗುಂಯ್ ಅನ್ನು ನೋಡೋಣ" ಎಂದ. ಅವನು ತನ್ನೂರಿನ ಚರ್ಚಿನಲ್ಲಿ ದಪ್ಪ ದನಿ ಹಾಡುತ್ತಿದ್ದನಂತೆ. ನಾನು "ಬೇಡ ಅಜ್ಜ, ಆ ಜಾಗ ಗೊನಾರಿಯೊದು" ಎಂದೆ. ದೇವರಾಣೆಗೂ ಎಂದೆ. ಅಜ್ಜ, "ಗೊನಾರಿಯೊ ಬಂದಾಗ ಬಿಟ್ಟುಕೊಡ್ತಾನೆ. ಜಾಗ ಏನು ಸವೆದು ಹೋಗುತ್ತಾ? ನಂಗೆ ಎಪ್ಪತ್ತೆಂಟಾಯ್ತು, ಇನ್ನೆಷ್ಟು ಹಬ್ಬ ಬಾಯಿ ಮುಚ್ಕೊಂಡು ಕೂರ್ಲಿ?" ಎಂದ.

ಹಾಡಿದೆವು. ನಿನ್ನಷ್ಟು ಚೆನ್ನಾಗಿರಲಿಲ್ಲ. ಕೆಟ್ಟದಾಗಿಯೂ ಇರಲಿಲ್ಲ.

ಅನ್ನಿಕಾ ಹೆಂಗಸರ ಸಾಲಿನಲ್ಲಿ ನಿಂತಿದ್ದಳು. ಹಾಡು ಮುಗಿದ ಮೇಲೆ ಅವಳು ನಕ್ಕಳು. ನಿನ್ನ ಅಮ್ಮ ತೀರಿಕೊಂಡ ಮೇಲೆ ಅವಳು ಹಾಗೆ ಬಾಯಿ ತೆರೆದು ನಕ್ಕದ್ದನ್ನು ನಾನು ಕಂಡಿರಲಿಲ್ಲ.

ಬಾಕಿಸ್


ಗಣಿ ವಠಾರ
9 ಫೆಬ್ರವರಿ 1959

ಬಾಕಿಸ್,

ನಿನ್ನ ಗಂಟಲು ಇನ್ನೂ ಬಿದ್ದು ಹೋಗಿಲ್ಲವೇ?

ಪಾಸ್ಕಾಲೆ ಅಜ್ಜ ಕುಡಿದಿದ್ದ, ಸರಿ. ನೀನು ಕುಡಿದಿದ್ದೆಯಾ? ಪದ ಎತ್ತುವವನು ನೀನು. ನೀನು ಬಾಯಿ ತೆರೆಯದಿದ್ದರೆ ಯಾವ ಎಮ್ಮೆ ಎಲ್ಲಿ ಗುಂಯ್ ಎನ್ನುತ್ತಿತ್ತು? ಅವನಿಗೆ ನಮ್ಮ ಭಾಷೆ ಬಾರದಿದ್ದರೂ ಏನಂತೆ, ತಳದ ದನಿಗೆ ಮಾತು ಬೇಕಿಲ್ಲವಲ್ಲ, ಬಿಂ ಬೊಂ ಎಂದರಾಯಿತು. ನಮ್ಮೂರನ್ನು ಸೇರಿಕೊಳ್ಳಲು ಇರುವ ಒಂದೇ ಕಿಂಡಿಯನ್ನು ಆ ಮನುಷ್ಯ ಬಂದ ಎರಡೇ ತಿಂಗಳಲ್ಲಿ ಹುಡುಕಿಕೊಂಡ. ಅದು ನನ್ನದಾಗಿತ್ತು.

ನಿನ್ನೆ ಊಟದ ಮನೆಯಲ್ಲಿ ಆ ಪೋಲೆಂಡಿನವನು, "ನೀನು ಹಾಡ್ತೀಯಂತಲ್ಲ, ಒಂದು ಹಾಡು" ಎಂದ. ಇಲ್ಲಿ ಉಳಿದ ಮೂವರಿಲ್ಲ ಎಂದೆ. ಅವನು ಬಿಡಲಿಲ್ಲ. ನಾನು ಎದ್ದು ಹೋದೆ.

ಆ ಕಲ್ಲುಕುಟಿಗನನ್ನು ಕೋಣೆಯಿಂದ ಕಳಿಸುವಂತೆ ಅನ್ನಿಕಾಳಿಗೆ ಬರೆಯುತ್ತೇನೆ. ಗೋಪುರ ಎಲ್ಲಿಯವರೆಗೆ ಬಂತು, ತಿಳಿಸು.

ಗೊನಾರಿಯೊ


ಒರೂಸ್ಕೆ
22 ಮಾರ್ಚ್ 1959

ಗೊನಾರಿಯೊ,

ನೀನು ಅನ್ನಿಕಾಳಿಗೆ ಏನು ಬರೆದೆಯೋ ಗೊತ್ತಿಲ್ಲ. ಎತ್ತೊರೆ ತನ್ನ ಪೆಟ್ಟಿಗೆ ಹೊತ್ತುಕೊಂಡು ಪಾದ್ರಿಗಳ ಉಗ್ರಾಣಕ್ಕೆ ಹೋದ. ಆ ದಿನ ಅವಳು ಮಗ್ಗದ ಹಲಗೆಯನ್ನು ಬಡಿದ ಸದ್ದು ಇಡೀ ಓಣಿಗೆ ಕೇಳಿಸಿತು.

ಮಲಗುವುದು ಉಗ್ರಾಣದಲ್ಲಿ, ಅಷ್ಟೆ. ಮಧ್ಯಾಹ್ನದ ಊಟ ಅವಳೇ ಗೋಪುರದ ಬುಡಕ್ಕೆ ಒಯ್ಯುತ್ತಾಳೆ. ಬುಟ್ಟಿಯ ಮೇಲೆ ಬಿಳಿ ಬಟ್ಟೆ ಮುಚ್ಚಿರುತ್ತಾಳೆ. ಅವನ ಅಂಗಿಗಳು ಅವಳ ಅಂಗಳದ ಹಗ್ಗದ ಮೇಲೇ ಒಣಗುತ್ತವೆ. ನೀಲಿಯದು ಒಂದು, ಚೌಕುಳಿಯದು ಎರಡು. ಮೊನ್ನೆ ಅವನಿಗೆ ಕಪ್ಪು ಉಣ್ಣೆಯ ಕೋಟಿನ ಬಟ್ಟೆ ನೇಯ್ದು ಕೊಟ್ಟಳು. ನಿನಗೂ ಒಂದು ನೇಯ್ದಿದ್ದಳಲ್ಲ, ಅದೇ ಅಂಚು.

ಗೋಪುರದ ಕೆಲಸ ಮುಗಿಯಿತು. ಗಂಟೆಯನ್ನೂ ಏರಿಸಿದರು. ಅವನು ಮಾತ್ರ ಹೊರಟಿಲ್ಲ. ಸ್ಮಶಾನದ ಗೋಡೆ ಸರಿಮಾಡುತ್ತೇನೆ ಎನ್ನುತ್ತಾನೆ. ಅದು ಮುಗಿದರೆ ಇನ್ನೊಂದು ಗೋಡೆ ಇದ್ದೇ ಇರುತ್ತದೆ; ಈ ಊರಿನಲ್ಲಿ ಗೋಡೆಗೇನು ಬರ.

ನಾನು ಹೇಳಬೇಕೆಂದು ಇದನ್ನೆಲ್ಲ ಹೇಳುತ್ತಿಲ್ಲ. ಒಂದು ಕಣ್ಣು ಇಡು ಎಂದವನು ನೀನು. ಅಣ್ಣನಾಗಿ ನೀನು ಖಡಾಖಂಡಿತವಾಗಿ ಬರೆದರೆ ಅವಳು ಕೇಳಬಹುದು. ಊರವನಲ್ಲದವನ ಕೈಗೆ ಮನೆಯ ಹೆಣ್ಣನ್ನು ಕೊಡುವುದು ನಿನ್ನ ಅಪ್ಪನಿಗೆ ಎಂದಿಗೂ ಸರಿಬರುತ್ತಿರಲಿಲ್ಲ.

ಬಾಕಿಸ್


ಗಣಿ ವಠಾರ
4 ಏಪ್ರಿಲ್ 1959

ಅನ್ನಿಕಾ,

ಹಿಂದಿನ ಕಾಗದದಲ್ಲಿ ಮೆತ್ತಗೆ ಬರೆದಿದ್ದೆ. ಈಗ ನೇರವಾಗಿ ಬರೆಯುತ್ತಿದ್ದೇನೆ. ಬುಟ್ಟಿಗೆ ಬಿಳಿ ಬಟ್ಟೆ ಮುಚ್ಚಿ ಆ ಮನುಷ್ಯನಿಗೆ ಊಟ ಒಯ್ಯುವುದು, ಅವನ ಅಂಗಿ ಒಗೆದು ನಮ್ಮ ಹಗ್ಗದ ಮೇಲೆ ಒಣಹಾಕುವುದು, ನನ್ನ ಕೋಟಿನ ಅಂಚನ್ನೇ ಅವನಿಗೂ ನೇಯುವುದು, ಅವನ ಹಾಡಿಗೆ ಎಲ್ಲರ ಮುಂದೆ ಬಾಯಿ ತೆರೆದು ನಗುವುದು, ಇವತ್ತಿನಿಂದ ನಿಲ್ಲಬೇಕು. ಅವನು ಎಲ್ಲಿಂದ ಬಂದ, ಯಾರ ಮಗ, ನಮಗೆ ಗೊತ್ತಿಲ್ಲ. ಬಂದವನು ಹೋಗುತ್ತಾನೆ, ಆಮೇಲೆ ಆ ಓಣಿಯಲ್ಲಿ ಓಡಾಡಬೇಕಾದವಳು ನೀನು.

ಅಪ್ಪ ಇಲ್ಲದ ಮೇಲೆ ನಾನು ಹೇಳಬೇಕು. ಹೇಳಿದ್ದೇನೆ.

ನಿನ್ನ ಅಣ್ಣ
ಗೊನಾರಿಯೊ


ಒರೂಸ್ಕೆ
3 ಮೇ 1959

ಅಣ್ಣಾ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಮೊದಲ ಸಲ ಅತ್ತೆ, ಎರಡನೆಯ ಸಲ ನಕ್ಕೆ, ಮೂರನೆಯ ಸಲ ಓದಿ ಉತ್ತರ ಬರೆಯಲು ಕೂತೆ. ಇಷ್ಟು ದಿನ ನಾನು ನಿನಗೆ ಚೆನ್ನಾಗಿದ್ದೇನೆ ಎಂದಷ್ಟೇ ಬರೆಯುತ್ತಿದ್ದೆ, ಯಾಕೆಂದರೆ ಬೇರೆ ಏನೂ ಇರಲಿಲ್ಲ. ಈಗ ಇದೆ.

ಸೆಪ್ಟೆಂಬರಿನಲ್ಲಿ ನಾನೂ ಎತ್ತೊರೆಯೂ ಮದುವೆಯಾಗುತ್ತೇವೆ. ನನಗೆ ಮೂವತ್ತನಾಲ್ಕು ತುಂಬಿತು ಅಣ್ಣಾ. ನಿನ್ನ ಅಪ್ಪಣೆ ಕೇಳುತ್ತಿಲ್ಲ, ನೀನು ಬಾ ಎಂದು ಕೇಳುತ್ತಿದ್ದೇನೆ. ಅವನ ಮಗ್ಗುಲಲ್ಲಿ ನಿಲ್ಲಲು ಅವನವರು ಒಬ್ಬರೂ ಇಲ್ಲ. ನನ್ನ ಮಗ್ಗುಲಲ್ಲೂ ಯಾರೂ ಇಲ್ಲದಿದ್ದರೆ ಚೆನ್ನಾಗಿರುವುದಿಲ್ಲ.

ಅವನಿಗೆ ನಿನ್ನ ಹೆದರಿಕೆ ಇದೆ, ಗೊತ್ತಾ? ನಿನ್ನ ಕೋಣೆಯಲ್ಲಿ ಇದ್ದಷ್ಟು ದಿನ ಅಪ್ಪನ ಚೂರಿಯ ಕಡೆ ಬೆನ್ನು ಮಾಡಿ ಮಲಗುತ್ತಿರಲಿಲ್ಲವಂತೆ. "ನಿಮ್ಮಣ್ಣ ಬಂದ್ರೆ ನನ್ನ ದನಿ ಕೇಳಿ ಏನಂತಾನೆ?" ಎಂದು ಕೇಳಿದ. "ಏನೂ ಅನ್ನಲ್ಲ, ಎದ್ದು ಹೋಗ್ತಾನೆ, ಅವನಿಗೆ ಅದೊಂದೇ ಗೊತ್ತಿರೋದು" ಎಂದೆ.

ಈಗ ನನ್ನ ಪ್ರಶ್ನೆ. ಬಿಳಿ ಬಟ್ಟೆ ಮುಚ್ಚಿದ ಬುಟ್ಟಿ, ಕೋಟಿನ ಅಂಚು, ಹಗ್ಗದ ಮೇಲಿನ ಅಂಗಿ, ಇದನ್ನೆಲ್ಲ ಬೆಲ್ಜಿಯಂನ ನೆಲದಡಿಯಿಂದ ನೀನು ಹೇಗೆ ಕಂಡೆ? ನನ್ನ ಬಾಗಿಲಿಗೆ ಎದುರಾಗಿ ಒಂದೇ ಅಂಗಡಿ ಇದೆ. ಅಲ್ಲಿ ಕೂತವನು ನಾನು ನಕ್ಕದ್ದನ್ನೂ ಎಣಿಸಿಟ್ಟುಕೊಂಡು ನಿನಗೆ ಕಳಿಸುತ್ತಿದ್ದಾನೆ. ಯಾಕೆ ಎಂದು ಅವನನ್ನೇ ಕೇಳು. ನಾನು ಹೇಳಲಾ? ಬಾಕಿಸ್ ಹನ್ನೆರಡು ವರ್ಷದಿಂದ ನನ್ನನ್ನು ನೋಡುತ್ತ ಕೂತಿದ್ದಾನೆ. ಒಂದು ಮಾತು ಆಡಿಲ್ಲ. ನನಗೆ ಇಪ್ಪತ್ತೆರಡಿದ್ದಾಗ ಬಂದು ಕೇಳಿದ್ದರೆ ಹೂಂ ಎನ್ನುತ್ತಿದ್ದೆ. ಮೂವತ್ತರಲ್ಲಿ ಕೇಳಿದ್ದರೂ ಹೂಂ ಎನ್ನುತ್ತಿದ್ದೆನೋ ಏನೋ. ಅವನು ಜೋಡು ಹೊಲಿದ, ಊರವರ ಮದುವೆಗಳಲ್ಲಿ ಹಾಡಿದ. ಎತ್ತೊರೆ ಬಂದ ನಾಲ್ಕನೇ ತಿಂಗಳಿಗೆ, ಕೈಯಲ್ಲಿ ಗಾರೆ ಮೆತ್ತಿಕೊಂಡೇ, ಅರ್ಧ ಭಾಷೆ ತಪ್ಪು ಮಾಡಿಕೊಂಡು ಕೇಳಿದ. ಅಷ್ಟೇ ವ್ಯತ್ಯಾಸ.

ಬರುವಾಗ ಏನೂ ತರಬೇಡ. ನಿನ್ನ ಕೆಮ್ಮಿಗೆ ಜೇನು ಕಳಿಸಿದ್ದೇನೆ.

ನಿನ್ನ ತಂಗಿ
ಅನ್ನಿಕಾ


ಗಣಿ ವಠಾರ
20 ಮೇ 1959

ಬಾಕಿಸ್,

ಅನ್ನಿಕಾ ಒಂದು ವಿಷಯ ಬರೆದಿದ್ದಾಳೆ. ನಿನ್ನ ವಿಷಯ. ನಿಜವೇ?

ನಿಜವಾಗಿದ್ದರೆ ನನ್ನನ್ನು ಕುರಿನಾಯಿಯ ಹಾಗೆ ಅವನ ಮೇಲೆ ಛೂ ಬಿಟ್ಟೆ. ನಿನ್ನ ಕೈಯಲ್ಲಿ ಆಗದ್ದನ್ನು ನನ್ನ ಹಲ್ಲಿನಿಂದ ಮಾಡಿಸಲು ನೋಡಿದೆ. ನನಗೊಂದು ಮಾತು ಹೇಳಿದ್ದರೆ ನಿನ್ನ ಕತ್ತಿನ ಪಟ್ಟಿ ಹಿಡಿದು ನಮ್ಮ ಬಾಗಿಲಿಗೆ ಎಳೆದು ತರುತ್ತಿದ್ದೆ. ಪಕ್ಕಪಕ್ಕದಲ್ಲಿ ನಿಂತು ಅಷ್ಟು ವರ್ಷ ಹಾಡಿದೆವು, ನಿನ್ನ ಉಸಿರು ಎಲ್ಲಿ ಮುಗಿಯುತ್ತದೆ ಎನ್ನುವುದು ನಿನಗಿಂತ ಮುಂಚೆ ನನಗೆ ತಿಳಿಯುತ್ತಿತ್ತು. ಇದು ತಿಳಿಯಲಿಲ್ಲ.

ಗೊನಾರಿಯೊ


ಒರೂಸ್ಕೆ
11 ಜೂನ್ 1959

ಗೊನಾರಿಯೊ,

ಹೌದು.

ಅವನು ಹೋಗಬೇಕು ಎಂದು ನನಗಿತ್ತು. ಈಗಲೂ ಇದೆ. ಗೋಪುರದ ತುದಿಯಲ್ಲಿ ಅವನು ನಿಂತಾಗೆಲ್ಲ ನಾನು ಕೆಳಗಿನಿಂದ ನೋಡಿದ್ದೇನೆ. ಏನು ಅಂದುಕೊಂಡು ನೋಡಿದೆ ಎಂದು ಪಾದ್ರಿಗಳಿಗೆ ಹೇಳಿಕೊಂಡಿದ್ದೇನೆ, ನಿನಗೆ ಹೇಳುವುದಿಲ್ಲ.

ಆದರೆ ನೀನು ಮಾತ್ರ ತಂಗಿಯ ಮರ್ಯಾದೆಗೆ ಅಂತ ಕಾಗದ ಬರೆದೆ ಎನ್ನಬೇಡ. ಮಂಚದ ಕಾಲಿನ ಕಲ್ಲಿಗೆ ಅಷ್ಟು ಸಿಟ್ಟಾದವನು ನೀನು. ನಿನಗೂ ಅವನು ಹೋಗಬೇಕಿತ್ತು. ನಿನ್ನ ಹೊಟ್ಟೆಕಿಚ್ಚು ನನ್ನದಕ್ಕಿಂತ ಮೇಲ್ಜಾತಿಯದೇನೂ ಅಲ್ಲ.

ಮದುವೆಯಲ್ಲಿ ಹಾಡುವುದಿಲ್ಲ ಎಂದು ಪಾಸ್ಕಾಲೆ ಅಜ್ಜನಿಗೆ ಹೇಳಿಬಿಟ್ಟಿದ್ದೇನೆ. ಅಜ್ಜ ಹೇಳಿದ: "ಮದುಮಗ ಹಾಡೋ ಹಾಗಿಲ್ಲ, ಗೊನಾರಿಯೊ ಬರ್ತಾನೆ, ಅವನ ಜಾಗದಲ್ಲಿ ಅವನೇ ನಿಲ್ತಾನೆ. ನಿನಗೇನು ಕಷ್ಟ?" ನನಗೇನು ಕಷ್ಟ ಎಂದು ಆ ಮುದುಕನಿಗೆ ಹೇಗೆ ಹೇಳುವುದು?

ನೀನು ಬಾ. ನೀನು ನಿಂತರೆ ನಾನೂ ನಿಲ್ಲುತ್ತೇನೆ. ಬೇರೆ ಯಾರಿಗೋಸ್ಕರವೂ ಅಲ್ಲ.

ಬಾಕಿಸ್


ಒರೂಸ್ಕೆ
4 ಅಕ್ಟೋಬರ್ 1959

ಗೊನಾರಿಯೊ,

ಮದುವೆಯ ಮರುದಿನ ಬೆಳಗಿನ ಬಸ್ಸಿಗೆ ನೀನು ಯಾರಿಗೂ ಹೇಳದೆ ಹೋದೆ. ಅನ್ನಿಕಾ ನಿನಗೆಂದು ಎತ್ತಿಟ್ಟ ಬಾದಾಮಿ ಮಿಠಾಯಿ ಹಾಗೇ ಉಳಿಯಿತು. ಮದುವೆಯ ದಿನದ ಅರ್ಧ ನಿನಗೆ ಗೊತ್ತು. ಇನ್ನರ್ಧ ಗೊತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಗಂಡುಹೆಣ್ಣಿನ ಮೇಲೆ ಗೋಧಿ, ಉಪ್ಪು ಎರಚಿ, ಶುಭಕ್ಕೆಂದು ತಟ್ಟೆ ಒಡೆದು, ಎಲ್ಲರೂ ಅಂಗಳದಲ್ಲಿ ನಿಂತಾಗ ಜನ ನಿನ್ನ ಹೆಸರು ಕೂಗಿದರು. ನೀನು ಬಂದು ನಿಂತೆ. ಒಂದೂವರೆ ವರ್ಷದ ಮೇಲೆ ನಿನ್ನ ಭುಜ ನನ್ನ ಭುಜಕ್ಕೆ ತಾಗಿತು. ಇಷ್ಟು ಸಣ್ಣಗಾಗಿದ್ದೀಯ ಎಂದು ಕೋಟಿನ ಮೇಲೆ ಗೊತ್ತಾಗಿರಲಿಲ್ಲ. ನಾನು ಪದ ಎತ್ತಿದೆ. ನೀನು ಕಿವಿಗೆ ಕೈಯಿಟ್ಟು ಬಾಯಿ ತೆರೆದೆ. ದನಿ ಬರಲಿಲ್ಲ, ಕೆಮ್ಮು ಬಂತು. ಎರಡನೆಯ ಸಲವೂ ಅದೇ. ನಿನ್ನ ಕರವಸ್ತ್ರ ಕಪ್ಪಾದದ್ದನ್ನು ನಾನು ಕಂಡೆ, ಬೋಬೊರೆಯೂ ಕಂಡ. ಹೋದ ವರ್ಷ "ಸ್ವಲ್ಪ ಕೆಮ್ಮು" ಎಂದು ಬರೆದಿದ್ದೆಯಲ್ಲ. ನಾನೂ ಅದನ್ನು ಓದಿ ಮುಂದಿನ ಸಾಲಿಗೆ ಹೋಗಿದ್ದೆ.

ನೀನು ಯಾರ ಮುಖವನ್ನೂ ನೋಡದೆ ಅಂಗಳ ದಾಟಿ ಹೋದೆ. ಇಲ್ಲಿಂದ ಮುಂದೆ ನಿನಗೆ ಗೊತ್ತಿಲ್ಲದ್ದು.

ಒಂದು ಮಗು ಅಳುತ್ತಿತ್ತು, ಅದರ ತಾಯಿ ಬಾಯಿ ಮುಚ್ಚಿದಳು. ಎತ್ತೊರೆ ನಿನ್ನ ಹಿಂದೆ ಬರಲು ಹೊರಟಿದ್ದ. ಅನ್ನಿಕಾ ಅವನ ತೋಳು ಹಿಡಿದು, "ಅವನ ಹಿಂದೆ ಹೋಗ್ಬೇಡ. ನೋಡಿದ್ರೆ ಅವನಿಗೆ ಇನ್ನೂ ಕಷ್ಟ. ಹಾಡು" ಎಂದಳು. "ನಾನು ಮದುಮಗ" ಎಂದ ಅವನು. "ಅದು ನಂಗೂ ಗೊತ್ತು. ಹಾಡು" ಎಂದಳು. ಅವನು ಬಂದು ನಮ್ಮ ಪಕ್ಕ ನಿಂತ. ನೀನು ನಿಂತಿದ್ದಲ್ಲಿ ಅಲ್ಲ, ಅದರ ಪಕ್ಕ. ಒಂದಾಳಿನ ಜಾಗ ಬಿಟ್ಟು ನಿಂತ. ನಮ್ಮ ವೃತ್ತ ಸೊಟ್ಟಗಾಯಿತು. ಆಮೇಲೆ ನನ್ನ ಮುಖ ನೋಡಿದ.

ನಾನು ಆಗ ತಿರುಗಿ ಮನೆಗೆ ಹೋಗಬಹುದಿತ್ತು. ಹೋಗಲು ಒಂದು ಕಾಲು ಎತ್ತಿಯೂ ಇದ್ದೆ. ನೀನು ನಿಂತರೆ ನಾನು ನಿಲ್ಲುತ್ತೇನೆ ಎಂದಷ್ಟೇ ಮಾತಾಗಿತ್ತು. ಅಷ್ಟರಲ್ಲಿ ಪಾಸ್ಕಾಲೆ ಅಜ್ಜ ನನ್ನ ಸೊಂಟಕ್ಕೆ ತಿವಿದು, "ಏನು ಬಾಯಲ್ಲಿ ಸೂಜಿ ಇಟ್ಕೊಂಡಿದ್ದೀಯಾ?" ಎಂದ. ಯಾರೋ ನಕ್ಕರು. ನಾನು ಪದ ಎತ್ತಿದೆ.

ಅನ್ನಿಕಾಳ ಮದುವೆಗೆಂದು ನನ್ನಲ್ಲಿ ಒಂದು ಪದ ಇತ್ತು. ಎಷ್ಟೋ ವರ್ಷಗಳಿಂದ ಕೂಡಿಸಿ ಇಟ್ಟದ್ದು. ಅದರಲ್ಲಿ ಮದುಮಗ ನಾನೇ ಆಗಿದ್ದೆ. ಅದನ್ನು ಹಾಡಲಿಲ್ಲ. ಊರಿನ ಎಲ್ಲ ಮದುವೆಗೂ ಹಾಡುವ ಹಳೆಯದನ್ನೇ ಹಾಡಿದೆ, ಹೆಸರು ಮಾತ್ರ ಬದಲಿಸಿ. ಅವನ ಹೆಸರನ್ನೂ ಸೇರಿಸಬೇಕಾಯಿತು. ಛಂದಸ್ಸಿಗೆ ಸರಿಯಾಗಿ ಕೂತಿತು, ದರಿದ್ರದ್ದು.

ಊಟದ ಹೊತ್ತಿಗೆ ಅನ್ನಿಕಾ ತಾನೇ ನನಗೆ ಮಾಂಸ ತಂದು ಬಡಿಸಿ, "ಬಾಕಿಸ್, ಇವತ್ತು ನಿನ್ನ ದನಿ ಸ್ವಲ್ಪ ಒಡೆದಿತ್ತು" ಎಂದಳು. ಒಲೆಯ ಹೊಗೆ ಎಂದೆ. "ಹೂಂ, ಹೊಗೆ ಜಾಸ್ತಿ ಇತ್ತು" ಎಂದಳು. ಹನ್ನೆರಡು ವರ್ಷದಲ್ಲಿ ನಾವಿಬ್ಬರೂ ಆಡಿದ ಅತಿ ಉದ್ದದ ಮಾತು ಅದೇ.

ಅಂಗಡಿಯಲ್ಲಿ ನನ್ನ ಮಣೆಯನ್ನು ಹಿಂದಿನ ಕಿಟಕಿಗೆ ಸರಿಸಿದ್ದೇನೆ. ಬೆಳಕು ಆ ಕಡೆಯೇ ಚೆನ್ನಾಗಿದೆ. ಗುಡ್ಡ ಕಾಣುತ್ತದೆ.

ನೀನು ಆ ನೆಲದ ಕೆಳಗಿನಿಂದ ಮೇಲೆ ಬಾ ಮಾರಾಯ. ಮೊದಲು ಡಾಕ್ಟರಿಗೆ ತೋರಿಸು. ಕುರಿ ಇಲ್ಲದಿದ್ದರೆ ಬೇಡ, ನನ್ನ ಅಂಗಡಿಯಲ್ಲಿ ಇಬ್ಬರು ಕೂರಬಹುದು.

ನಿನ್ನ
ಬಾಕಿಸ್


ಗಣಿ ವಠಾರ, ಬೆಲ್ಜಿಯಂ
29 ನವೆಂಬರ್ 1959

ಎತ್ತೊರೆ,

ನಾನು ನಿನಗೆ ಬರೆಯುತ್ತಿರುವುದು ಇದೇ ಮೊದಲು. ನಿನ್ನ ಭಾಷೆಯಲ್ಲೇ ಬರೆಯುತ್ತಿದ್ದೇನೆ. ತಪ್ಪಿದ್ದರೆ ಅನ್ನಿಕಾಳ ಮುಂದೆ ನಗಬೇಡ.

ಆ ದಿನ ನಾನು ದೂರ ಹೋಗಿರಲಿಲ್ಲ. ಅಂಗಳದ ಗೋಡೆಯ ಆಚೆ, ಅಂಜೂರದ ಮರದ ಬುಡದಲ್ಲಿ ನಿಂತಿದ್ದೆ. ಎಲ್ಲವನ್ನೂ ಕೇಳಿದೆ. ನೀನು ತಪ್ಪಲಿ ಎಂದು ಕಾಯುತ್ತ ನಿಂತಿದ್ದೆ. ಮೂರನೆಯ ಚರಣದಲ್ಲಿ ತಪ್ಪಿದೆ. ಆಗ ನನಗೆ ಎಷ್ಟು ಸಂತೋಷವಾಯಿತೆಂದರೆ ಗೋಡೆಯನ್ನು ಹಿಡಿದುಕೊಳ್ಳಬೇಕಾಯಿತು. ಮುಂದಿನ ಉಸಿರಿನಲ್ಲಿ ನೀನು ಸರಿಮಾಡಿಕೊಂಡೆ. ಅದಕ್ಕಾಗಿ ನಿನ್ನ ಮೇಲೆ ಇನ್ನಷ್ಟು ಸಿಟ್ಟು ಬಂತು.

ಡಾಕ್ಟರು ಎದೆಯ ಚಿತ್ರ ತೆಗೆದರು. ಕೆಳಗಿಳಿಯುವ ಕೆಲಸ ಇನ್ನು ನನಗಿಲ್ಲ. ಮುಂದಿನ ಬೇಸಿಗೆ ಕಳೆದ ಮೇಲೆ ಊರಿಗೆ ಬರಬಹುದು. ಬಾಕಿಸನ ಅಂಗಡಿಯಲ್ಲಿ ಕೂರುತ್ತೇನೆ, ಸೂಜಿಗೆ ದಾರ ಪೋಣಿಸಲು ಶ್ವಾಸಕೋಶ ಬೇಕಿಲ್ಲ. ಹಾಡಲು ಬೇಕು. ಅದು ಮುಗಿಯಿತು.

ಈಗ ಸರಿಯಾಗಿ ಕೇಳು. ನೀನು ದನಿಯನ್ನು ಗಂಟಲಿನಿಂದ ತಳ್ಳುತ್ತೀಯ, ಭಾರದ ಕಲ್ಲು ತಳ್ಳಿದ ಹಾಗೆ. ತಳ್ಳಬಾರದು. ಉಸಿರು ಹೊಟ್ಟೆಯಲ್ಲಿ ತುಂಬಿರಲಿ, ದವಡೆ ಸಡಿಲ ಬಿಡು, ದನಿ ತಾನಾಗಿ ಉರುಳಲಿ. ಮೂರನೆಯ ಚರಣದಲ್ಲಿ ನೀನು ತಪ್ಪಿದ್ದು ಯಾಕೆಂದರೆ ನೀನು ಬಾಕಿಸನ ಬಾಯಿಯನ್ನು ನೋಡುತ್ತಿದ್ದಿರಬೇಕು. ಬಾಯಿ ನೋಡಬೇಡ, ಗದ್ದ ನೋಡು. ಪದ ಮುಗಿಯುವ ಮುಂಚೆ ಅವನು ಗದ್ದ ಮೇಲೆತ್ತುತ್ತಾನೆ. ಅವನಿಗೇ ಇದು ಗೊತ್ತಿಲ್ಲ. ಹೇಳಬೇಡ, ಹೇಳಿದರೆ ನಿಲ್ಲಿಸಿಬಿಡುತ್ತಾನೆ. ಪಾಸ್ಕಾಲೆ ಅಜ್ಜ ಕುಡಿದಿದ್ದರೆ ಅರ್ಧ ಸ್ವರ ಮೇಲೆ ಹೋಗುತ್ತಾನೆ, ನೀನು ಅಲುಗಬೇಡ, ಅವನೇ ಇಳಿದು ಬರುತ್ತಾನೆ. ಬಾಕಿಸನ ಎಡಕ್ಕೆ ಒಂದಾಳಿನ ಜಾಗ ಬಿಟ್ಟು ನಿಂತೆಯಂತೆ. ಹಾಗೆ ನಿಂತರೆ ಒಬ್ಬರ ದನಿ ಇನ್ನೊಬ್ಬರ ಎಲುಬಿಗೆ ತಲುಪುವುದಿಲ್ಲ. ಭುಜಕ್ಕೆ ಭುಜ ತಾಗಿಸಿ ನಿಲ್ಲು.

ಇದನ್ನು ಪ್ರೀತಿಯಿಂದ ಬರೆದೆ ಎಂದುಕೊಳ್ಳಬೇಡ. ನಿನ್ನ ಹೆಸರು ಬರೆಯುವಾಗ ಈಗಲೂ ಹಲ್ಲು ಕಚ್ಚುತ್ತೇನೆ. ನಾನು ಬಂದಾಗ ಹೆಂಡದಂಗಡಿಯಲ್ಲಿ ನೀವು ಹಾಡುತ್ತಿದ್ದರೆ ನಾನು ಆಚೆ ಹೋಗಿ ಕೂರಬಹುದು. ಹಾಗೆ ಹೋದರೆ ಯಾರೂ ಕರೆಯಲು ಬರಬೇಡಿ. ನೀವು ನಿಲ್ಲಿಸಲೂ ಬೇಡಿ.

ಅನ್ನಿಕಾ ಬಸುರಿ ಎಂದು ಬರೆದಿದ್ದಾಳೆ. ಅವಳಿಗೆ ಭಾರ ಎತ್ತಲು ಬಿಡಬೇಡ, ಮಗ್ಗದ ಮುಂದೆ ಹೆಚ್ಚು ಹೊತ್ತು ಕೂರಲು ಬಿಡಬೇಡ, ಹೇಳಿದರೆ ಕೇಳುವವಳಲ್ಲ, ಆದರೂ ಹೇಳು. ಹೆಣ್ಣಾದರೆ ಕೂಡಲೇ ನನಗೆ ತಂತಿ ಕಳಿಸು. ಗಂಡಾದರೂ ಕಳಿಸು. ಆದರೆ ಅದರ ಅಳು ದಪ್ಪ ದನಿಯಲ್ಲಿದ್ದರೆ, ಆ ಒಂದು ಸುದ್ದಿಯನ್ನು ಮಾತ್ರ ಸ್ವಲ್ಪ ದಿನ ತಡೆದು ತಿಳಿಸು.

ನಿನ್ನ ಭಾವ
ಗೊನಾರಿಯೊ